ಪೆನ್ಸಿಲ್ ಬಿದ್ದರೆ ಬಿಳಿಯ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂತ ಕೇಳಿದ್ದೀರಿ, ಹಾಕಿಲ್ಲ. ಆದರೆ ಉಳಿದವರಿಗೂ ಗೊತ್ತಾಗಬೇಕಲ್ಲ, ಹಾಗಾಗಿ ನಿಮ್ಮ ಪತ್ರದಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ನಾವು ಯಾರು ಅನ್ನುವುದನ್ನು ಮುಕ್ಕಾಲು ಪಾಲು ನಮ್ಮ ಸಂಸ್ಕೃತಿಯೇ ತೀರ್ಮಾನಿಸುತ್ತದೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದು ನಿಮಗೆ ಸಿಟ್ಟು ತರಿಸಿದೆ. "ಗಂಡು ಹೆಣ್ಣು ಅನ್ನೋದು ಮೈಯಲ್ಲೇ ಇದೆ. ಬಣ್ಣ ಕಣ್ಣಿಗೇ ಕಾಣುತ್ತದೆ. ಇದಕ್ಕೆಲ್ಲ ಸಂಸ್ಕೃತಿ ಯಾಕೆ ಬೇಕು? ಎಲ್ಲವನ್ನೂ ಅದೇ ಮಾಡುವುದಾದರೆ ನಾನು ಅನ್ನುವವನು ಎಲ್ಲಿ ಉಳಿದೆ?" ಅಂತ ಕೇಳಿದ್ದೀರಿ. ಕೊನೇ ಸಾಲಿನಲ್ಲಿ ನಮ್ಮ ಪತ್ರಿಕೆಗೂ ಒಂದು ಏಟು ಕೊಟ್ಟಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ತಪ್ಪು. 'ಮುಕ್ಕಾಲು ಪಾಲು' ಅನ್ನಬಾರದಿತ್ತು. ಅಳೆದು ನೋಡಿದವರು ಯಾರು? ಬರೆಯುವ ಭರದಲ್ಲಿ ಸುಮ್ನೆ ಬಂದುಬಿಟ್ಟ ಮಾತು ಅದು. ಮೈ ಇದೆ, ಬಣ್ಣ ಇದೆ, ಇಲ್ಲ ಅನ್ನಲು ನಾನು ಯಾರು? ಬಿಸಿಲು ಜಾಸ್ತಿ ಇರುವ ಕಡೆ ಸಾವಿರಾರು ವರ್ಷ ಬದುಕಿದವರ ಚರ್ಮ ಕಪ್ಪಗಿರುತ್ತದೆ, ಕಡಿಮೆ ಇರುವ ಕಡೆಯವರದು ಬೆಳ್ಳಗಿರುತ್ತದೆ. ಆದರೆ ಈ ಬಣ್ಣ ಊರಿಂದ ಊರಿಗೆ ಚೂರುಚೂರೇ ಬದಲಾಗುತ್ತಾ ಹೋಗುತ್ತದೆ. ಇಲ್ಲಿಂದ ಈಚೆ ಒಂದು ಜನಾಂಗ, ಆಚೆ ಇನ್ನೊಂದು ಅಂತ ಚರ್ಮದ ಮೇಲೆ ಎಲ್ಲೂ ಗೆರೆ ಇಲ್ಲ. ಅದನ್ನು ಯಾರೋ ಕೂತು ಎಳೆಯಬೇಕು. ನನ್ನ ಜಗಳ ಏನಿದ್ದರೂ ಆ ಗೆರೆಯ ಜೊತೆ.

ದಕ್ಷಿಣ ಆಫ್ರಿಕಾದಲ್ಲಿ ಅದನ್ನು ಎಳೆದದ್ದು ಹೇಗೆ ಅಂತ ನೋಡಿ. 1950ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಪ್ರತಿಯೊಬ್ಬರೂ ಯಾವ ಜನಾಂಗ ಅಂತ ದಾಖಲೆಯಲ್ಲಿ ಇರಬೇಕು ಅಂತ. ಕಣ್ಣಿಗೇ ಕಾಣುವ ವಿಷಯ ಅಂದಿರಲ್ಲ, ಅಧಿಕಾರಿಗಳ ಕಣ್ಣಿಗೆ ಎಷ್ಟೋ ಜನರ ವಿಷಯದಲ್ಲಿ ಅದು ಕಾಣಲಿಲ್ಲ. ಆಗ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಕೆಳಗೆ ಬಿದ್ದರೆ ಬಿಳಿಯರು. ಗುಂಗುರು ಕೂದಲಲ್ಲಿ ಸಿಕ್ಕಿಕೊಂಡರೆ ಅಲ್ಲ. ಓದುವ ಶಾಲೆ, ಇರುವ ಬೀದಿ, ಮದುವೆಯಾಗಬಹುದಾದ ವ್ಯಕ್ತಿ, ಎಲ್ಲವೂ ಆಮೇಲೆ ಆ ದಾಖಲೆಯ ಪ್ರಕಾರ. ಒಂದೇ ಮನೆಯ ಮಂದಿ ಬೇರೆ ಬೇರೆ ಜನಾಂಗಕ್ಕೆ ಸೇರಿಹೋದದ್ದೂ ಉಂಟು. ಈ ಕಾನೂನು ಹೋದದ್ದು 1991ರಲ್ಲಿ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯ. 1790ರ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರಿಗೂ ಬಾಗಿಲು ತೆರೆದರು, ಏಷ್ಯಾದವರು ಹೊರಗೇ ಉಳಿದರು. ಜಪಾನಿನಲ್ಲಿ ಹುಟ್ಟಿದ ತಕಾವೊ ಒಜಾವಾ, ನನ್ನ ಚರ್ಮ ಬೆಳ್ಳಗೇ ಇದೆಯಲ್ಲ ಅಂತ ಸುಪ್ರೀಂ ಕೋರ್ಟಿನವರೆಗೂ ಹೋದರು. 1922ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಬಣ್ಣ ನೋಡಿ ಆಗುವುದಿಲ್ಲ, ಬಿಳಿಯರು ಅಂದರೆ ಕಕೇಶಿಯನ್ ಜನಾಂಗದವರು (ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುತ್ತಿದ್ದ ಆ ಕಾಲದ ಪಂಡಿತರು ಯುರೋಪಿನವರನ್ನು ಸೇರಿಸಿದ್ದ ಗುಂಪಿನ ಹೆಸರು ಅದು). ಸರಿ. ಮೂರೇ ತಿಂಗಳಿಗೆ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಬಂತು. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪಂಡಿತರೇ ನಮ್ಮನ್ನು ಕಕೇಶಿಯನ್ ಅಂದಿದ್ದಾರೆ ಅನ್ನುವುದು ಅವರ ವಾದ. ಅದೇ ಕೋರ್ಟು, ತೀರ್ಪು ಬರೆದವರೂ ಅದೇ ನ್ಯಾಯಮೂರ್ತಿ ಸದರ್ಲೆಂಡ್. ಈ ಸಲ, ಪಂಡಿತರು ಏನು ಬೇಕಾದರೂ ಹೇಳಲಿ, ಸಾಮಾನ್ಯ ಜನ ಬಿಳಿಯ ಅಂತ ಯಾರನ್ನು ಅಂದುಕೊಳ್ಳುತ್ತಾರೋ ಅವರೇ ಬಿಳಿಯರು ಅಂದುಬಿಟ್ಟರು. ಚರ್ಮ ತೋರಿಸಿದವರಿಗೆ ಶಾಸ್ತ್ರ, ಶಾಸ್ತ್ರ ತೋರಿಸಿದವರಿಗೆ ಜನಾಭಿಪ್ರಾಯ!

ನನ್ನನ್ನು ಜಾಸ್ತಿ ಕಾಡುವುದು ಬೇರೆಯೇ ವಿಷಯ. ಥಿಂಡ್ ಪರ ವಾದದಲ್ಲಿ ತಾನು ಮೇಲ್ಜಾತಿಯವನು, ರಕ್ತ ಬೆರೆಯದವನು ಅನ್ನುವುದೂ ಇತ್ತು. ಗೆರೆ ಅಳಿಸಿ ಅಂತ ಅವರು ಕೇಳಲಿಲ್ಲ. ನನ್ನನ್ನೂ ಒಳಗೆ ಬಿಟ್ಟುಕೊಳ್ಳಿ ಅಂದರು. ಒಂದು ಗೆರೆಯಿಂದ ಪೆಟ್ಟು ತಿಂದವರು ಇನ್ನೊಂದು ಗೆರೆಯನ್ನು ಹಿಡಿದುಕೊಂಡು ದಾಟಲು ನೋಡುವುದು. ಇದು ಅವರೊಬ್ಬರ ಕಥೆ ಅಲ್ಲ, ಅಲ್ವಾ?

ಗಂಡು ಹೆಣ್ಣಿನ ವಿಷಯಕ್ಕೆ ಬರೋಣ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಒಂದು ಫೋಟೋ ಇದೆ. ಎರಡೂವರೆ ವರ್ಷದ ಮಗು. ಬಿಳೀ ಫ್ರಾಕು, ಭುಜದವರೆಗೆ ಇಳಿದ ಕೂದಲು, ಮಡಿಲಲ್ಲಿ ಗರಿ ಸಿಕ್ಕಿಸಿದ ಟೋಪಿ. ಈಗ ತೋರಿಸಿದರೆ ಯಾರಾದರೂ ಹೆಣ್ಣುಮಗು ಅಂತಲೇ ಹೇಳುತ್ತಾರೆ. ಆ ಕಾಲದಲ್ಲಿ ಅಷ್ಟು ಚಿಕ್ಕ ಮಕ್ಕಳಿಗೆಲ್ಲ ಅದೇ ಬಟ್ಟೆ. ಇನ್ನು ಗುಲಾಬಿ ಬಣ್ಣ. 1918ರಲ್ಲಿ ಅಲ್ಲಿನ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣ, ಗಂಡುಮಕ್ಕಳಿಗೆ ಒಪ್ಪುತ್ತದೆ, ತಿಳಿನೀಲಿ ನಾಜೂಕು, ಹೆಣ್ಣುಮಕ್ಕಳಿಗಿರಲಿ ಅಂತ ಸಲಹೆ ಕೊಟ್ಟಿತ್ತು. ಆಮೇಲೆ ಅದು ತಲೆಕೆಳಗಾಯಿತು. ಮಕ್ಕಳ ಮೈ ಮಾತ್ರ ಮೊದಲು ಹೇಗಿತ್ತೋ ಹಾಗೇ ಇತ್ತು. 'ಹುಟ್ಟುಗುಣ' ಅಂತ ಯಾರಾದರೂ ಹೇಳಿದಾಗ, ಅದು ಯಾವ ಇಸವಿಯಿಂದ ಹುಟ್ಟುಗುಣ ಅಂತ ಕೇಳುವ ಚಟ ನನಗೆ ಹತ್ತಿದ್ದು ಇಂಥದ್ದನ್ನೆಲ್ಲ ಓದಿದ ಮೇಲೆ.

ಹಾಗಂತ ಬಣ್ಣ, ಬಟ್ಟೆ ಅಂತ ನಗಾಡಿ ಬಿಡುವ ಮಾತೂ ಅಲ್ಲ. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಅನ್ನುವ ದೊಡ್ಡ ಕಂಪ್ಯೂಟರ್ ಜನರ ಮುಂದೆ ಬಂದಾಗ ಅದಕ್ಕೆ ಪ್ರೋಗ್ರಾಂ ಮಾಡುತ್ತಿದ್ದವರು ಆರು ಜನ ಹೆಂಗಸರು. ಆಗ ಅದನ್ನು ಗುಮಾಸ್ತೆ ಕೆಲಸದ ಥರ ನೋಡುತ್ತಿದ್ದರು. ಆ ಕೆಲಸಕ್ಕೆ ಬೆಲೆ, ಗೌರವ ಬಂದ ಹಾಗೆಲ್ಲ ಅದು ಗಂಡಸರ ಕೆಲಸ ಆಯಿತು. ಆಮೇಲೆ, ಹೆಂಗಸರ ತಲೆಗೆ ಇದು ಹತ್ತುವುದಿಲ್ಲ ಅನ್ನುವ ಮಾತೂ ಶುರುವಾಯಿತು.

ಹಾಗಾದರೆ 'ನಾನು' ಎಲ್ಲಿ? ನೀವು ಬರೆದ ಎರಡು ಪುಟದಲ್ಲಿ ಒಂದು ಪದವನ್ನೂ ನೀವು ಹುಟ್ಟಿಸಿಲ್ಲ. ಎಲ್ಲ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಸಿಕ್ಕಿದ್ದು. ಆದರೂ ಆ ಪತ್ರವನ್ನು ನಿಮ್ಮ ಬದಲು ಬೇರೆ ಯಾರೂ ಬರೆಯಲು ಆಗುತ್ತಿರಲಿಲ್ಲ. ನನಗೆ ಗೊತ್ತಿರುವ ಉತ್ತರ ಇಷ್ಟೇ. ಇದು ಸಾಲದು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ.

ಈಗ ನೀವು ಕೊಟ್ಟ ಏಟು. "ಇಷ್ಟೆಲ್ಲ ಹೇಳುವ ನಿಮ್ಮ ಪತ್ರಿಕೆಯಲ್ಲಿ 'ಮಹಿಳಾ ಪುಟ' ಅಂತ ಒಂದು ಇದೆ. ಉಳಿದ ಪುಟಗಳೆಲ್ಲ ಯಾರವು?" ಓದಿ ನಗು ಬಂತು, ಆಮೇಲೆ ಮುಖ ಸಣ್ಣದಾಯಿತು. ಹೋದ ತಿಂಗಳು ಒಂದು ಲೇಖನದಲ್ಲಿ ನಾನೇ 'ಮಹಿಳಾ ವಿಜ್ಞಾನಿ' ಅಂತ ಬರೆದಿದ್ದೆ. ನಮ್ಮಲ್ಲಿ ಕರಡು ತಿದ್ದುವವರು 'ಮಹಿಳಾ' ಅನ್ನುವುದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ಸಣ್ಣಗೆ ಬರೆದಿದ್ದರು: "ಪಕ್ಕದ ಪುಟದಲ್ಲಿರುವವರು ಪುರುಷ ವಿಜ್ಞಾನಿಯಾ ಸಾರ್?" ಆ ಪದ ತೆಗೆದೆ. ಪುಟದ ಹೆಸರು ಮಾತ್ರ ನಾನು ಈ ಕುರ್ಚಿಗೆ ಬರುವ ಮುಂಚಿನಿಂದಲೂ ಹಾಗೇ ಇದೆ, ನಾನೂ ಬದಲಾಯಿಸಲಿಲ್ಲ. ನಿಮ್ಮ ಪತ್ರವನ್ನು ಈ ವಾರದ ಸಭೆಯಲ್ಲಿ ಓದಿದೆ. ಆ ಪುಟ ನೋಡಿಕೊಳ್ಳುವವರು, ಹೆಸರು ತೆಗೆದರೆ ಜಾಗವೂ ಹೋಗುತ್ತದೆ ಅನ್ನುವ ಭಯ ತಮಗಿದೆ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಮತ್ತೆ ಕೂರುತ್ತೇವೆ.

ನಿಮ್ಮ,
ಸಂಪಾದಕ