ಸರ್ವರ್ ಫಾರ್ಮ್ಯಾಟ್ ಮಾಡಬೇಡಿ, ಮೊದಲು ಟಿಟಿಎಲ್ ನೋಡಿ

ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಮುಂಬೈ ಸಾಕಿನಾಕಾದ ಆಫೀಸು, ಎಂಟು ಕಂಪ್ಯೂಟರ್, ಸರ್ವರ್‌ನಲ್ಲಿ ಲೆಕ್ಕದ ಟ್ಯಾಲಿ ಸಾಫ್ಟ್‌ವೇರ್, ದಿನಕ್ಕೆ ಮೂರ್ನಾಲ್ಕು ಸಲ ಸರ್ವರ್ ಸಂಪರ್ಕ ಕಟ್ ಆಗಿ ತಾನಾಗೇ ಸರಿಹೋಗುತ್ತದೆ, ಪಿಂಗ್ (ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಮಾತ್ರ ಬರುತ್ತಲೇ ಇರುತ್ತದೆ, ನೆಟ್‌ವರ್ಕ್ ಸ್ವಿಚ್ ಬದಲಿಸಿದ್ದಾಯಿತು, ಭಾನುವಾರ ಸರ್ವರ್ ಫಾರ್ಮ್ಯಾಟ್ ಅಂತ ಬರೆದಿದ್ದೀರಲ್ಲ, ಓದಿ ಸುಮ್ನೆ ಇರಲಾಗಲಿಲ್ಲ. ನಾನೂ ಭಿವಂಡಿಯ ಒಂದು ಗೋದಾಮಿನ ಆಫೀಸಿನಲ್ಲಿ ಹೀಗೇ ಮಾಡಿದ್ದೆ. ಸ್ವಿಚ್ ಹೊಸದು, ಕೇಬಲ್ ಹೊಸದು, ಭಾನುವಾರ ಇಡೀ ಕೂತು ವಿಂಡೋಸ್ ಹೊಸದಾಗಿ ಹಾಕಿದೆ. ಸೋಮವಾರ ಹನ್ನೊಂದು ಗಂಟೆಗೆ ಮತ್ತೆ ಕಟ್.

ಪಿಂಗ್ ಬರುತ್ತಿದೆ, ಹಾಗಾಗಿ ನೆಟ್‌ವರ್ಕ್ ಸರಿ ಇದೆ ಅಂದುಕೊಂಡಿದ್ದೆ. ಉತ್ತರ ಕೊಡುತ್ತಿರುವುದು ಯಾರು ಅಂತ ನೋಡಿರಲಿಲ್ಲ. ಆ ಸೋಮವಾರ ಪಿಂಗ್ ಕಿಟಕಿ ತೆರೆದಿಟ್ಟು ಒಂದೊಂದೇ ಸಾಲು ನೋಡುತ್ತಾ ಕೂತೆ. ಉತ್ತರಕ್ಕೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಟಿಟಿಎಲ್ (ಪ್ರತಿ ಪಿಂಗ್ ಉತ್ತರದ ಜೊತೆ ಬರುವ ಒಂದು ಸಂಖ್ಯೆ) 128. ಹಾಗೇ ಸಾಗುತ್ತಿತ್ತು. ಇದ್ದಕ್ಕಿದ್ದಂತೆ 60, 80 ಮಿಲಿಸೆಕೆಂಡ್, ಟಿಟಿಎಲ್ 64! ವಿಂಡೋಸ್ ಸಾಮಾನ್ಯವಾಗಿ 128 ಕೊಡುತ್ತದೆ, ಮೊಬೈಲ್‌ಗಳು 64. ಅಂದರೆ ಸರ್ವರ್‌ನ ಐಪಿಯಲ್ಲಿ, ಅಂದರೆ ಅದರ ನೆಟ್‌ವರ್ಕ್ ವಿಳಾಸದಲ್ಲಿ, ಯಾರದೋ ಫೋನ್ ಕೂತಿತ್ತು. ಸರ್ವರ್‌ಗೆ 192.168.1.10 ಅಂತ ಕೈಯಾರೆ ಹಾಕಿದ್ದೆ, ರೂಟರ್ ಮಾತ್ರ ಕೊನೆಯ ಅಂಕಿ 2ರಿಂದ 254ರವರೆಗಿನ ಎಲ್ಲ ವಿಳಾಸಗಳನ್ನೂ ಹಂಚುತ್ತಿತ್ತು. ಮಾಲೀಕರು ಹನ್ನೊಂದಕ್ಕೆ ಬರುತ್ತಿದ್ದರು, ಅವರ ಫೋನ್‌ಗೆ ಆ 10 ಸಿಗುತ್ತಿತ್ತು, ಅಷ್ಟೇ.

ನೀವು ಮಾಡಬೇಕಾದ್ದು ಇಷ್ಟು. ಎರಡು ಕಿಟಕಿಯಲ್ಲಿ ನಿಲ್ಲದೆ ಓಡುವ ಪಿಂಗ್ ಹಾಕಿ, ಒಂದು ಸರ್ವರ್‌ಗೆ, ಇನ್ನೊಂದು ರೂಟರ್‌ಗೆ. ಕಟ್ ಆದ ಸಮಯ ಕಾಗದದಲ್ಲಿ ಬರೆದಿಡಿ. ಆಗಲೇ, ಸರಿಹೋಗುವ ಮೊದಲು, ಆರ್ಪ್ ಪಟ್ಟಿ (ಯಾವ ಐಪಿ ಯಾವ ಯಂತ್ರದ ಬಳಿ ಇದೆ ಅಂತ ತೋರಿಸುವ ಪಟ್ಟಿ) ತೆಗೆದು ಸರ್ವರ್ ಐಪಿ ಎದುರಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಸ್ವಂತ ಗುರುತು ಸಂಖ್ಯೆ, ಸರ್ವರ್‌ನದ್ದೇನಾ ನೋಡಿ. ಬೇರೆ ಇದ್ದರೆ ಕಳ್ಳ ಸಿಕ್ಕ ಹಾಗೆ. ರೂಟರ್‌ನಲ್ಲಿ ಡಿಎಚ್‌ಸಿಪಿ (ತಾನಾಗೇ ಐಪಿ ಕೊಡುವ ವ್ಯವಸ್ಥೆ) ಹಂಚಿಕೆ 100ರಿಂದ ಶುರುವಾಗುವಂತೆ ಮಾಡಿ, ಅದಕ್ಕಿಂತ ಕೆಳಗಿನವು ಸರ್ವರ್, ಪ್ರಿಂಟರ್‌ಗಳಿಗೆ. ಆಮೇಲೆ ರೂಟರ್ ರೀಸ್ಟಾರ್ಟ್ ಮಾಡಿ, ಎಲ್ಲ ಫೋನ್‌ಗಳ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿಸಿ. ಇಲ್ಲದಿದ್ದರೆ ಹಳೆಯ ಲೀಸ್ (ಮೊದಲು ಸಿಕ್ಕ ಐಪಿ) ಹಿಡಿದುಕೊಂಡೇ ಇರುತ್ತವೆ.

ಟಿಟಿಎಲ್ ಬದಲಾಗದೆ ಪಿಂಗ್ ನಿಂತೇ ಹೋದರೆ ಅದು ಬೇರೆ ಕಥೆ. ಸರ್ವರ್‌ಗೆ ಮಾತ್ರ ನಿಂತರೆ ಸರ್ವರ್‌ನ ಕೇಬಲ್, ಪೋರ್ಟ್, ಕಾರ್ಡ್ ನೋಡಿ. ಎರಡೂ ನಿಂತರೆ ನೀವು ಕೂತ ಕಂಪ್ಯೂಟರ್‌ನ ಕೇಬಲ್ ಅಥವಾ ಸ್ವಿಚ್. ಲಿಂಕ್ 1 ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಇಳಿದಿದ್ದರೆ ಕನೆಕ್ಟರ್ ಮೇಲೆ ಅನುಮಾನ ಪಡಿ. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಮುಂಬೈ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಆ ಪಿನ್‌ಗಳು ಹಸಿರುಗಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಸರ್ವರ್ ನೆಟ್‌ವರ್ಕ್ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಕಾರ್ಡ್ ಆಫ್ ಮಾಡಲು ಬಿಡುವ ಟಿಕ್ ಕೂಡ ತೆಗೆದುಬಿಡಿ.

ಕೇಬಲ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಅರ್ಧ ಬೆಲೆಗೆ ಸಿಗುವ 305 ಮೀಟರ್ ಬಾಕ್ಸ್ ನೋಡಿದರೆ ಮೊದಲು ಬ್ಲೇಡಿನಿಂದ ತಂತಿ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಮುಟ್ಟಲೇಬೇಡಿ. ನಾನು ಡಿ-ಲಿಂಕ್ ಕ್ಯಾಟ್ 6 ಕೇಬಲ್ ತರುತ್ತೇನೆ, ಸ್ವಿಚ್‌ಗೆ ಟಿಪಿ-ಲಿಂಕ್ ಸಾಕು. ಎಂಟು ಮಂದಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ, ನೀವು ಆ ದುಬಾರಿ ಸ್ವಿಚ್ ಕೊಂಡಿದ್ದು ವ್ಯರ್ಥ ಅನ್ನಿಸುತ್ತದೆ.

ಇನ್ನೊಂದು, ಇಬ್ಬರು ವೈಫೈ ಮೇಲೆ ಟ್ಯಾಲಿ ಹಾಕುತ್ತಿದ್ದಾರೆ ಅಂದಿರಲ್ವಾ? ಶೇರ್ ಫೋಲ್ಡರ್‌ನಲ್ಲಿ ಡೇಟಾ ಇಟ್ಟು ವೈಫೈನಲ್ಲಿ ಎಂಟ್ರಿ ಮಾಡಿದರೆ, ಮಧ್ಯದಲ್ಲಿ ಕಟ್ ಆದಾಗ ಡೇಟಾ ಕೆಡಬಹುದು. ಅವರಿಬ್ಬರಿಗೂ ಇವತ್ತೇ ಕೇಬಲ್ ಎಳೆಸಿ, ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆಯಿರಿ. ನಾಳೆ ಕಟ್ ಆದಾಗ ಪಿಂಗ್ ಕಿಟಕಿಯ ಫೋಟೋ, ಆರ್ಪ್ ಪಟ್ಟಿಯ ಫೋಟೋ ಎರಡನ್ನೂ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.