ಅಜ್ಜನ ಪದಕ, ಅಂಚಿನ ಅಕ್ಷರ

ಪ್ರಶ್ನೆ: ಮುತ್ತಜ್ಜನ ಎರಡು ಪದಕ ಸಿಕ್ಕಿವೆ. ಒಂದರಲ್ಲಿ ರಾಜ, ರಾಣಿ. ಹಿಂದೆ ಉರ್ದು ಥರದ ಬರಹ. ಇನ್ನೊಂದರಲ್ಲಿ ಕುದುರೆ ಸವಾರ, 1914, 1918 ಅಂತಿದೆ. ಅವರು ಎಲ್ಲಿ ಯುದ್ಧ ಮಾಡಿದ್ದರು?

ಉತ್ತರ: ಮೊದಲನೆಯದು ಯುದ್ಧದ್ದಲ್ಲ. ಅದು 1911ರ ದೆಹಲಿ ದರ್ಬಾರಿನ ನೆನಪಿನ ಪದಕ. ಬರಹ ಪರ್ಷಿಯನ್. ಅದನ್ನು ಹೆಸರಿಲ್ಲದೆಯೇ ಕೊಡುತ್ತಿದ್ದರು. ಹೆಸರು ಕಂಡರೆ ಆಮೇಲೆ ಯಾರೋ ಕೆತ್ತಿಸಿದ್ದು.

ಎರಡನೆಯದೇ ಮಾತಾಡುವ ಪದಕ. ಅದು ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದ್ದು. ಅದರ ಮುಖ ಬಿಡಿ, ಅಂಚು ನೋಡಿ. ಸೈನಿಕನ ನಂಬರ್, ದರ್ಜೆ, ಹೆಸರು, ತುಕಡಿ ಎಲ್ಲ ಇಂಗ್ಲಿಷಿನಲ್ಲಿ ಅಲ್ಲೇ ಇರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಓದಿ. ಹೆಸರಿನ ಸ್ಪೆಲ್ಲಿಂಗ್ ವಿಚಿತ್ರವಾಗಿದ್ದರೆ ಗಾಬರಿ ಬೇಡ, ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿರಬಹುದು. ನಂಬರ್ ಮತ್ತು ತುಕಡಿಯನ್ನೇ ಜಾಸ್ತಿ ನಂಬಿ.

ಈ ಪದಕ ಯುದ್ಧದ ಜಾಗ ಹೇಳುವುದಿಲ್ಲ. ತುಕಡಿ ಹೇಳುತ್ತದೆ. ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಎಂದಿದ್ದರೆ ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಹುಡುಕಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಊರು ಗೆದ್ದವರಲ್ಲಿ ಅವರೂ ಇದ್ದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಸತ್ತವರು ಮಾತ್ರ ಇರುತ್ತಾರೆ. ಅಜ್ಜ ಮನೆಗೆ ಮರಳಿದ್ದರೆ ಅಲ್ಲಿ ಸುಮ್ನೆ ಹುಡುಕಬೇಡಿ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅಂಚು ಸವೆದರೆ ಅಕ್ಷರವೂ ಹೋಯಿತು, ಅಲ್ವಾ?