ಕುತ್ತಿಗೆಯಲ್ಲಿ ಹಲ್ಲಿನ ಗುರುತು, ನೆಲದಲ್ಲಿ ರಕ್ತವಿಲ್ಲ: ನನ್ನ ಆಡುಗಳನ್ನು ಕೊಲ್ಲುತ್ತಿರುವುದು ಯಾವುದು?

ಹದಿನೈದು ದಿನಗಳೊಳಗೆ ಹನ್ನೊಂದು ಆಡುಗಳಲ್ಲಿ ಮೂರು ಸತ್ತಿವೆ, ಮೂರರ ಕುತ್ತಿಗೆಯಲ್ಲೂ ಹಲ್ಲಿನ ತೂತುಗಳಿವೆ, ಮಾಂಸ ಹೆಚ್ಚು ತಿಂದಿಲ್ಲ, ನೆಲದ ಮೇಲೆ ರಕ್ತವೂ ಇಲ್ಲ ಎಂದು ಬರೆದು, ರಕ್ತ ಹೀರುವ ಪ್ರಾಣಿ ಯಾವುದಾದರೂ ಬರುತ್ತಿದೆಯೇ, ಉಳಿದ ಎಂಟನ್ನು ಹೇಗೆ ಕಾಪಾಡಲಿ ಎಂದು ಕೇಳಿದ್ದೀರಿ. ನಾನು ಪಶುವೈದ್ಯನಲ್ಲ. ಸಣ್ಣ ಹಿಂಡೊಂದನ್ನು ಸಾಕುತ್ತಾ, ಇದೇ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕಂಡುಕೊಂಡು ಕೈಸುಟ್ಟುಕೊಂಡವನು.

ರಕ್ತದ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಸಸ್ತನಿಗಳಲ್ಲಿ ರಕ್ತವನ್ನೇ ಉಂಡು ಬದುಕುವವು ಮೂರು ಜಾತಿಯ ಬಾವಲಿಗಳು ಮಾತ್ರ. ಅವು ಅಮೆರಿಕ ಖಂಡಗಳ ಬಿಸಿನಾಡುಗಳಲ್ಲಿವೆ, ಒಂದು ಬಾವಲಿ ಒಂದು ರಾತ್ರಿಗೆ ಕುಡಿಯುವುದು ಒಂದೆರಡು ಚಮಚದಷ್ಟು. ಪೋರ್ಟೊ ರಿಕೊ ದ್ವೀಪದಲ್ಲಿ 1995ರಲ್ಲಿ ಆಡುಗಳು ಹೀಗೆಯೇ ಸತ್ತು ಬಿದ್ದಾಗ ‘ಚುಪಕಾಬ್ರ’, ಅಂದರೆ ಆಡು ಹೀರುವ ಜೀವಿ, ಎಂಬ ಹೆಸರು ಜಗತ್ತಿಗೆಲ್ಲ ಹಬ್ಬಿತು. ಆ ಜೀವಿ ಮಾತ್ರ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ. ಹೃದಯ ನಿಂತ ಮೇಲೆ ರಕ್ತ ಚಿಮ್ಮುವುದಿಲ್ಲ. ಮೈಯ ಯಾವ ಮಗ್ಗುಲು ನೆಲಕ್ಕೆ ತಾಗಿದೆಯೋ ಅತ್ತ ಇಳಿದು ನಿಲ್ಲುತ್ತದೆ, ಮೇಲಿನ ಮಗ್ಗುಲನ್ನು ಕೊಯ್ದು ನೋಡಿದವರಿಗೆ ಯಾರೋ ಹೀರಿ ಬರಿದು ಮಾಡಿದಂತೆ ಕಾಣುತ್ತದೆ.

ಹಾಗಾದರೆ ಹಲ್ಲಿನ ಗುರುತು ಎಲ್ಲಿಂದ ಬಂತು? ನಾನು ಎಡವಿದ್ದು ಇಲ್ಲಿಯೇ. ನನ್ನ ಎರಡು ಆಡುಗಳು ಬೆಳಗಾಗುವಷ್ಟರಲ್ಲಿ ಕಚ್ಚಿದ ಗಾಯಗಳೊಂದಿಗೆ ಸತ್ತು ಬಿದ್ದಿದ್ದಾಗ, ನಾಯಿಗಳದೇ ಕೆಲಸವೆಂದು ತೀರ್ಮಾನಿಸಿ, ಇದ್ದ ಹಣವನ್ನೆಲ್ಲ ಸುರಿದು ಕೊಟ್ಟಿಗೆಯ ಸುತ್ತ ಬಲೆ ಕಟ್ಟಿಸಿದೆ. ಮೂರನೆಯದು ಆ ಬಲೆಯೊಳಗೇ, ಮೈಮೇಲೆ ಒಂದು ಗೀರೂ ಇಲ್ಲದೆ ಸತ್ತಿತು. ಪಶುವೈದ್ಯರು ಕೊಯ್ದು ನೋಡಿದಾಗ ಹೊಟ್ಟೆಯ ತುಂಬ ಕಾಳು. ಕೊಯ್ಲು ಮುಗಿದ ವಾರ ನಾನೇ ಧಾರಾಳವಾಗಿ ಹಾಕಿದ್ದ ಕಾಳು. ರೋಗ ಕರುಳುಬೇನೆ. ಆಡಿನ ಕರುಳಿನಲ್ಲಿ ಮೊದಲೇ ಸ್ವಲ್ಪ ಪ್ರಮಾಣದಲ್ಲಿರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ, ಕಾಳಿನ ಪಿಷ್ಟ ಏಕಾಏಕಿ ಹೇರಳವಾಗಿ ಸಿಕ್ಕಾಗ ಮಿತಿಮೀರಿ ಬೆಳೆದು ವಿಷ ಕಾರುತ್ತದೆ. ಸಂಜೆ ಚೆನ್ನಾಗಿ ಮೇಯ್ದ ಪ್ರಾಣಿ ಬೆಳಿಗ್ಗೆ ಇರುವುದಿಲ್ಲ. ಮೊದಲಿನ ಎರಡನ್ನೂ ನಾಯಿಗಳು ಮುಟ್ಟಿದ್ದು ಅವು ಸತ್ತ ಮೇಲೆಯೇ ಇರಬೇಕೆಂದು ವೈದ್ಯರು ಹೇಳಿದರು.

ಬದುಕಿದ್ದಾಗ ಕಚ್ಚಿದ್ದೋ ಸತ್ತ ಮೇಲೆ ಕಚ್ಚಿದ್ದೋ ಎಂದು ತಿಳಿಯಲು ತೂತಿನ ಸುತ್ತಲಿನ ಚರ್ಮವನ್ನು ಸುಲಿದು ಒಳಗೆ ನೋಡಬೇಕು. ಜೀವವಿದ್ದಾಗ ಹಲ್ಲು ಇಳಿದಿದ್ದರೆ ಚರ್ಮದಡಿಯ ಮಾಂಸದಲ್ಲಿ ರಕ್ತ ಹರಡಿ ಕಡುಗೆಂಪಾಗಿ ಕಂದಿರುತ್ತದೆ. ಸತ್ತ ಮೇಲಾದರೆ ಬರೀ ತೂತು, ಸುತ್ತಲೂ ಸ್ವಚ್ಛ ಮಾಂಸ. ಕಣ್ಣು, ನಾಲಿಗೆ, ಕೆಚ್ಚಲು, ಗುದದ್ವಾರ ಇವು ಮಾತ್ರ ಹೋಗಿದ್ದರೆ ಅದು ಹೆಣ ತಿನ್ನುವ ಹಕ್ಕಿ, ನರಿಗಳ ಕೆಲಸ. ನಿಜವಾಗಿ ನಾಯಿಗಳೇ ಕೊಂದಿದ್ದರೆ ಗಾಯಗಳು ಹಿಂಗಾಲು, ಪಕ್ಕೆ, ಕಿವಿಗಳ ಮೇಲೆ ಚೆಲ್ಲಾಪಿಲ್ಲಿಯಾಗಿರುತ್ತವೆ, ಹಿಂಡಿನಲ್ಲಿ ಬದುಕುಳಿದವುಗಳಿಗೂ ಏಟಾಗಿರುತ್ತದೆ. ಬೆಕ್ಕಿನ ಕುಲದ ದೊಡ್ಡ ಪ್ರಾಣಿ ಗಂಟಲನ್ನೋ ಹೆಡಕನ್ನೋ ಹಿಡಿದು ಉಸಿರುಗಟ್ಟಿಸುತ್ತದೆ, ಸಾಮಾನ್ಯವಾಗಿ ಬೇಟೆಯನ್ನು ಎಳೆದೊಯ್ಯುತ್ತದೆ.

ಚಾಕು ಹಿಡಿಯುವ ಮುನ್ನ ಒಂದು ಎಚ್ಚರಿಕೆ. ಮೂಗು, ಬಾಯಿ ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ, ಹೆಣ ಬೇಗನೆ ಊದಿಕೊಂಡು ಕಾಲುಗಳು ಪೂರ್ತಿ ಸೆಟೆಯದಿದ್ದರೆ, ಅದನ್ನು ಮುಟ್ಟಲೂ ಬೇಡಿ, ಕೊಯ್ಯಲೂ ಬೇಡಿ; ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ತಗಲುತ್ತದೆ. ಹೆಣವನ್ನು ತೆರೆದರೆ ಗಾಳಿ ತಾಗಿ ಅದರ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮಣ್ಣು ಸೇರುತ್ತವೆ. ಸ್ಕಾಟ್ಲೆಂಡಿನ ಗ್ರಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಕುರಿಗಳ ಮೇಲೆ ಈ ರೋಗಾಣುವಿನ ಪ್ರಯೋಗ ನಡೆಸಿದ ಮೇಲೆ ಆ ದ್ವೀಪ ಸುರಕ್ಷಿತವೆಂದು ಘೋಷಿಸಲು 1990ರವರೆಗೆ ಕಾಯಬೇಕಾಯಿತು ಎಂದರೆ ಆ ಬೀಜಾಣುಗಳ ಆಯುಸ್ಸನ್ನು ಊಹಿಸಿಕೊಳ್ಳಿ. ಇಂಥ ಲಕ್ಷಣ ಕಂಡರೆ ನೇರವಾಗಿ ಪಶುವೈದ್ಯರಿಗೆ ತಿಳಿಸಿ. ಉಳಿದ ಸಂದರ್ಭಗಳಲ್ಲೂ ಸಾಧ್ಯವಾದರೆ ಮರಣೋತ್ತರ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ, ಅದೂ ಸತ್ತ ಕೆಲವೇ ಗಂಟೆಗಳಲ್ಲಿ, ಏಕೆಂದರೆ ಸೆಕೆಗೆ ಒಳಾಂಗಗಳು ಬೇಗ ಕೊಳೆತು ಸಾಕ್ಷ್ಯ ಅಳಿಸಿಹೋಗುತ್ತದೆ.

ಉಳಿದ ಎಂಟರ ಕೆಳರೆಪ್ಪೆಯನ್ನು ಇವತ್ತೇ ಎಳೆದು ನೋಡಿ. ಒಳಬದಿ ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜೀವಿ ನಿಜವಾಗಿಯೂ ಇದೆ, ಆದರೆ ಹೊರಗಲ್ಲ, ಹೊಟ್ಟೆಯಲ್ಲಿ. ಹೀಮಾಂಕಸ್ ಎಂಬ ಜಂತುಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕುಡಿಯುತ್ತದೆ. ಅಂಥ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ದವಡೆಯ ಕೆಳಗೆ ನೀರು ತುಂಬಿದಂತೆ ಊತವಿದ್ದರೆ ತಡಮಾಡಬೇಡಿ. ಹಿಕ್ಕೆ ಪರೀಕ್ಷೆ ಮಾಡಿಸಿ, ಅಗತ್ಯವಿರುವವಕ್ಕೆ ಮಾತ್ರ ಔಷಧಿ ಕುಡಿಸಿ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಹುಳುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ.

ಮೇವಿನಲ್ಲಿ ಬದಲಾವಣೆಯನ್ನು ವಾರ, ಹತ್ತು ದಿನಗಳಲ್ಲಿ ಹಂತಹಂತವಾಗಿ ಮಾಡಬೇಕು, ಕಾಳಿನ ಚೀಲ ಆಡುಗಳ ಬಾಯಿಗೆ ಸಿಗದಂತಿರಬೇಕು. ಬಾಡಿದ ಎಳೆ ಜೋಳದ ಪೈರಿನಲ್ಲಿ ಸಯನೈಡ್ ಉಂಟಾಗುತ್ತದೆ, ಕಣಗಿಲೆಯ ಕೆಲವೇ ಎಲೆಗಳು ಸಾಕು ಆಡನ್ನು ಕೊಲ್ಲಲು. ಮೇಯುವ ಜಾಗವನ್ನೊಮ್ಮೆ ಈ ದೃಷ್ಟಿಯಿಂದ ಸುತ್ತಿ ಬನ್ನಿ. ಕರುಳುಬೇನೆಗೆ ಲಸಿಕೆಯಿದೆ, ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ಹಾಕಿಸಬೇಕು, ಕುರಿಗಳಿಗಿಂತ ಆಡುಗಳಲ್ಲಿ ಅದರ ರಕ್ಷಣೆ ಬೇಗ ಇಳಿಯುವುದರಿಂದ ಮುಂದಿನ ಅಂತರವನ್ನು ವೈದ್ಯರನ್ನೇ ಕೇಳಿ.

ಬೇಲಿ ಬೇಡವೆಂದು ನಾನು ಹೇಳುತ್ತಿಲ್ಲ. ಚರ್ಮದಡಿ ಕಂದಿದ ಗುರುತು ಸಿಕ್ಕಿದರೆ ಅದೇ ಮೊದಲ ಕೆಲಸ. ನಾಯಿ, ನರಿಗಳು ಬೇಲಿ ಹಾರುವುದಕ್ಕಿಂತ ಅದರಡಿ ತೋಡಿ ನುಗ್ಗುವುದೇ ಹೆಚ್ಚಾದ್ದರಿಂದ ಬಲೆಯ ಕೆಳತುದಿಯನ್ನು ಒಂದಡಿಯಷ್ಟು ಹೊರಕ್ಕೆ ಮಡಚಿ ಮಣ್ಣಿನಲ್ಲಿ ಹೂಳಿ. ಹತ್ತಿ ಬರುವ ಪ್ರಾಣಿಯಾದರೆ ಕೊಟ್ಟಿಗೆಗೆ ಗಟ್ಟಿ ಮಾಡು ಇಲ್ಲದೆ ಗತಿಯಿಲ್ಲ. ಕಾವಲು ನಾಯಿಯನ್ನು ಮರಿಯಿಂದಲೇ ಆಡುಗಳ ನಡುವೆ ಬೆಳೆಸಬೇಕು, ಅದು ನಂಬಿಕೆಗೆ ಅರ್ಹವಾಗಲು ಎರಡು ವರ್ಷ ಹಿಡಿಯಬಹುದು; ಸದ್ಯದ ಸಂಕಟಕ್ಕೆ ಅದು ಪರಿಹಾರವಲ್ಲ. ಈ ರಾತ್ರಿಗೆ ಎಂಟನ್ನೂ ಬಾಗಿಲು ಭದ್ರವಾದ ಕೋಣೆಯಲ್ಲಿ ಕೂಡಿಹಾಕಿ, ಕಾಳು ನಿಲ್ಲಿಸಿ ಒಣಮೇವನ್ನಷ್ಟೇ ಕೊಡಿ. ಮುಚ್ಚಿದ ಕೋಣೆಯೊಳಗೂ ಒಂದು ಸತ್ತರೆ ಬೇಲಿಯ ಮಾತು ಬಿಟ್ಟು ಆ ಹೆಣವನ್ನು ನೆರಳಿನಲ್ಲಿ ಮುಚ್ಚಿಟ್ಟು ವೈದ್ಯರನ್ನು ಕರೆಯಿರಿ.